ಅಂಗೈಯಗಲದ ಚಿತ್ರಗಾರರು

(ಅಂತಿಮ ಬಿ.ಎ. ವಿದ್ಯಾರ್ಥಿನಿ)

ನಮ್ಮ ಮನೆಯ ಅಟ್ಟದ ಮೇಲೆ ಒಂದು ತಗಡಿನ ಪೆಟ್ಟಿಗೆಯುಂಟು. ಅದರಲ್ಲಿ ನಮ್ಮ ತಂದೆಯವರ ಎಸ್.ಎಸ್.ಎಲ್.ಸಿ. ತರಗತಿಯ ಸಮಾಜ ಪಾಠದ ಪುಸ್ತಕವೊಂದು ಇಂದಿಗೂ ಭದ್ರವಾಗಿದೆ. ಆ ಪರೀಕ್ಷೆಯನ್ನು ಅವರು ಮುಗಿಸಲಾಗಲಿಲ್ಲವಾದ್ದರಿಂದ ಪುಸ್ತಕವನ್ನು ಬೇರೆಯವರಿಗೆ ಕೊಡಲೂ ಮನಸ್ಸು ಬರಲಿಲ್ಲವೆಂದು ಕಾಣುತ್ತದೆ. ಪುಸ್ತಕಕ್ಕೆ ಹೊದಿಸಿರುವ ರಟ್ಟಿನ ಕಾಗದ ಮಾತ್ರ ನಮ್ಮೂರಿನದಲ್ಲ. ಆ ಕಾಲದಲ್ಲಿ ಸೋವಿಯತ್ ದೇಶದಿಂದ ಹೊಳೆಯುವ ಕಾಗದದ ಪತ್ರಿಕೆಗಳು ಬಹಳ ಅಗ್ಗವಾಗಿ ಬರುತ್ತಿದ್ದುವಂತೆ. ಊರಿಗಾಮಿನ ಲೈನು ಮನೆಗಳಲ್ಲಿ ಅವನ್ನು ಓದಿದವರಿಗಿಂತ ಪುಸ್ತಕಗಳಿಗೆ ಹೊದಿಸಿದವರೇ ಹೆಚ್ಚು. ನಮ್ಮ ತಂದೆಯವರ ಪುಸ್ತಕದ ಮೇಲೆ ಕಾಡಿಗೆಯಂಥ ಕಪ್ಪು ಹಿನ್ನೆಲೆಯಲ್ಲಿ ಮೂರು ಕೆಂಪು ಕುದುರೆಗಳು ಒಂದು ಜಾರುಬಂಡಿಯನ್ನು ಎಳೆದುಕೊಂಡು ಹಾರುತ್ತಿವೆ. ಕುದುರೆಯ ಜೂಲಿನ ಒಂದೊಂದು ಕೂದಲೂ ಬಂಗಾರದ ಗೆರೆ. ಚಿಕ್ಕಂದಿನಲ್ಲಿ ನಾನು ಆ ಗೆರೆಗಳನ್ನು ಎಣಿಸಲು ಹೊರಟು ಎಷ್ಟೋ ಸಲ ಸೋತಿದ್ದೇನೆ.

ಕಳೆದ ವರ್ಷ ಅದನ್ನು ನಮ್ಮ ಚರಿತ್ರೆಯ ಉಪನ್ಯಾಸಕರಿಗೆ ತೋರಿಸಿದೆ. ಅವರು ಕನ್ನಡಕವನ್ನು ಹಣೆಗೇರಿಸಿ ನೋಡಿ, “ಇದು ಗೋಡೆಗೆ ಹಾಕುವ ಪಟವಲ್ಲಮ್ಮ, ಒಂದು ಡಬ್ಬಿಯ ಮುಚ್ಚಳ. ನಿನ್ನ ಅಂಗೈಯಷ್ಟೇ ಇದ್ದೀತು” ಎಂದರು. ನಾನು ನಂಬಲಿಲ್ಲ. ನಂಬದೆ ಇದ್ದುದರ ಫಲವೇ ಈ ಲೇಖನವೆನ್ನಬಹುದು.

ಮಾಸ್ಕೋ ನಗರದ ಈಶಾನ್ಯಕ್ಕೆ, ಇವಾನೋವೋ ಪ್ರಾಂತದಲ್ಲಿ ಪಾಲೇಖ್ ಎಂಬ ಹಳ್ಳಿಯಿದೆ. ಅಲ್ಲಿಯ ರೈತಕುಟುಂಬಗಳವರು ತಲೆತಲಾಂತರದಿಂದ ಮರದ ಹಲಗೆಯ ಮೇಲೆ ದೇವರ ಪಟಗಳನ್ನು ಬರೆದು ಬದುಕುತ್ತಿದ್ದರು. ಕೆಲಸ ಹಂಚಿಕೊಂಡು ನಡೆಯುತ್ತಿತ್ತು. ಸಂತರ ಮುಖಗಳನ್ನು ಬರೆಯುವವರು ಬೇರೆ, ಉಡುಪು, ಗಿಡಮರ, ಕಟ್ಟಡಗಳನ್ನು ಬರೆಯುವವರು ಬೇರೆ. ೧೯೧೭ರಲ್ಲಿ ಕ್ರಾಂತಿಯಾಯಿತು. ದೇವರ ಪಟಗಳಿಗೆ ಗಿರಾಕಿಯೇ ಇಲ್ಲವಾಯಿತು, ಕಾರ್ಖಾನೆಗಳು ಮುಚ್ಚಿದುವು. ಬಾಲ್ಯದಿಂದ ಕುಂಚವೊಂದನ್ನೇ ಹಿಡಿದಿದ್ದವರು ಹೊಲಕ್ಕೆ ಇಳಿದರು, ಮರದ ಚಮಚ ಕೆತ್ತಿದರು, ಸಿಕ್ಕ ಸಿಕ್ಕ ಕೂಲಿಗೆ ಹೋದರು. ನಮ್ಮ ಊರಿನವರಿಗೆ ಈ ಕಥೆಯನ್ನು ಹೆಚ್ಚು ಬಿಡಿಸಿ ಹೇಳಬೇಕಾದ್ದಿಲ್ಲ. ೨೦೦೧ರ ಫೆಬ್ರವರಿ ೨೮ರಂದು ಗಣಿಗಳು ಮುಚ್ಚಿದಾಗ ನಮ್ಮ ತಾತನವರಿಗೆ ಐವತ್ತು ದಾಟಿತ್ತು. ನೆಲದಡಿಯಲ್ಲಿ ಸುರಂಗದ ಸೂರಿಗೆ ಮರದ ಆಸರೆ ಕೊಡುವ ಕೆಲಸದಲ್ಲಿ ಅವರದು ಎತ್ತಿದ ಕೈ ಎನ್ನುತ್ತಾರೆ. ನೆಲದ ಮೇಲೆ ಆ ಕೈಗೆ ಕೆಲಸವಿರಲಿಲ್ಲ. ಬೆಂಗಳೂರಿನಲ್ಲಿ ಒಂದು ಕಟ್ಟಡದ ರಾತ್ರಿ ಕಾವಲಿಗೆ ಸೇರಿದರು.

ಪಾಲೇಖಿನವರಿಗೆ ಬೇರೆ ದಾರಿ ತೋರಿದವನು ಇವಾನ್ ಗೋಲಿಕೋವ್. ದೇವರ ಪಟ ಬರೆಯುವವರ ಮನೆಯಲ್ಲಿ ಹುಟ್ಟಿದವನು. ಮೊದಲನೆಯ ಮಹಾಯುದ್ಧದಲ್ಲಿ ಸೈನಿಕನಾಗಿದ್ದು, ಬಳಿಕ ನಾಟಕದ ಪರದೆಗಳನ್ನು ಬರೆದು ಹೊಟ್ಟೆ ಹೊರೆದವನು. ೧೯೨೦ರ ಬಳಿಕ ಅವನು ಮಾಸ್ಕೋದ ಕರಕುಶಲ ವಸ್ತುಗಳ ಸಂಗ್ರಹಾಲಯದಲ್ಲಿ ಫೆದೋಸ್ಕಿನೋ ಎಂಬ ಇನ್ನೊಂದು ಹಳ್ಳಿಯ ಕಪ್ಪು ಡಬ್ಬಿಗಳನ್ನು ಕಂಡನು. ಆ ಹಳ್ಳಿಯಲ್ಲಿ ೧೭೯೫ರಷ್ಟು ಹಿಂದೆಯೇ ಕರೋಬೋವ್ ಎಂಬ ವರ್ತಕನು ಕಾಗದದ ರಟ್ಟಿನಿಂದ ನಸ್ಯದ ಡಬ್ಬಿ ಮುಂತಾದುವನ್ನು ಮಾಡಿಸಲು ತೊಡಗಿದ್ದ. ಅವುಗಳ ಮೇಲೆ ಎಣ್ಣೆಬಣ್ಣದಲ್ಲಿ ಚಿತ್ರ ಬರೆದು ಮೆರುಗೆಣ್ಣೆ ಹಚ್ಚುತ್ತಿದ್ದರು. ಗೋಲಿಕೋವನಿಗೆ ಅನ್ನಿಸಿದ್ದಿಷ್ಟು: ಹಲಗೆ ಹೋದರೇನು, ಇಂಥ ರಟ್ಟಿನ ಮೇಲೆ ನಮ್ಮ ಹಳೆಯ ಮೊಟ್ಟೆಯ ಬಣ್ಣವೇ ಏಕೆ ನಿಲ್ಲಬಾರದು? ಅವನ ಬಂಧುವೊಬ್ಬನ ಕಾರ್ಖಾನೆಯಲ್ಲಿ ಛಾಯಾಚಿತ್ರ ತೊಳೆಯುವ ರಟ್ಟಿನ ತಟ್ಟೆಯೊಂದು ಕೈಗೆ ಸಿಕ್ಕಿತು. ಅದರ ಕಪ್ಪು ತಳದ ಮೇಲೆ ಬಂಗಾರದಿಂದ ಒಂದು ಚಿತ್ರ ಬರೆದ. ಪಾಲೇಖಿನ ಹೊಸ ಕಲೆಗೆ ಅದೇ ಹುಟ್ಟು. ೧೯೨೪ರ ಡಿಸೆಂಬರ್ ೫ರಂದು ಏಳು ಮಂದಿ ಕೂಡಿ ‘ಪ್ರಾಚೀನ ಚಿತ್ರಕಲೆಯ ಸಂಘ’ ಎಂಬರ್ಥದ ಹೆಸರಿನ ಒಂದು ಸಹಕಾರ ಸಂಘವನ್ನು ಕಟ್ಟಿದರು. ಮರುವರ್ಷವೇ ಪ್ಯಾರಿಸ್ಸಿನ ಪ್ರದರ್ಶನದಲ್ಲಿ ಅವರ ಡಬ್ಬಿಗಳು ಹೆಸರು ಗಳಿಸಿದುವು. ದೇವರ ಪಟಗಳ ಬದಲು ಅಜ್ಜಿಕಥೆಗಳು, ಹಾಡುಗಳು, ಬೇಟೆ, ಕುಯ್ಲು, ಕುದುರೆಗಳು ಬಂದುವು. ಸಂತರ ಮೈಮೇಲಿನ ನಿರಿಗೆಗಳನ್ನು ಬರೆಯುತ್ತಿದ್ದ ಗೆರೆಯೇ ಈಗ ಹಳ್ಳಿಯ ಹೆಣ್ಣಿನ ಸೆರಗನ್ನು ಬರೆಯಿತು. ಗೋಲಿಕೋವನಿಗೆ ಕುದುರೆಗಳ ಹುಚ್ಚು. ನಮ್ಮ ಪುಸ್ತಕದ ಹೊದಿಕೆಯ ಮೇಲಿರುವುದು ಅವನದೇ ಎಂದು ಹೇಳುವ ಧೈರ್ಯ ನನಗಿಲ್ಲವಾದರೂ ಅವನ ವಂಶದ ಕುದುರೆಗಳೆನ್ನಲು ಅಡ್ಡಿಯಿಲ್ಲ. ಅವನು ೧೯೩೭ರಲ್ಲಿ ತೀರಿಕೊಂಡ.

ಇನ್ನು ಡಬ್ಬಿ ಆಗುವ ಬಗೆ. ರಟ್ಟಿನ ಪಟ್ಟಿಗಳನ್ನು ಹಿಟ್ಟಿನ ಅಂಟಿನಿಂದ ಒಂದರ ಮೇಲೊಂದು ಅಂಟಿಸಿ, ಮರದ ಅಚ್ಚಿಗೆ ಸುತ್ತಿ ಒತ್ತಿಡುತ್ತಾರೆ. ಒಣಗಿದ ಮೇಲೆ ಬಿಸಿ ಅಗಸೆ ಎಣ್ಣೆಯಲ್ಲಿ ನೆನೆಸಿ ಒಲೆಯಲ್ಲಿ ಬೇಯಿಸುತ್ತಾರೆ. ಆಗ ಕಾಗದವು ಕಾಗದವಾಗಿ ಉಳಿಯದೆ ಮರದಂತೆ ಗಡುಸಾಗುತ್ತದೆ. ಆಮೇಲೆ ಕೆಮ್ಮಣ್ಣು, ಮಸಿ, ಎಣ್ಣೆ ಬೆರೆಸಿದ ಲೇಪ, ಅದರ ಮೇಲೆ ಹೊರಗೆ ಕಪ್ಪು ಮೆರುಗೆಣ್ಣೆ, ಒಳಗೆ ಕೆಂಪು. ಚಿತ್ರಗಾರನ ಕೈಗೆ ಬರುವ ಹೊತ್ತಿಗೇ ತಿಂಗಳುಗಳು ಕಳೆದಿರುತ್ತವೆ. ಅವನು ಮೊದಲು ಬಿಳಿಯ ಬಣ್ಣದಿಂದ ರೂಪಗಳನ್ನು ಗುರುತು ಮಾಡಿಕೊಳ್ಳುತ್ತಾನೆ. ಮೊಟ್ಟೆಯ ಹಳದಿ ಭಾಗವನ್ನು ನೀರು, ವಿನೆಗರ್‌ಗಳೊಡನೆ ಕಲಸಿ, ಅದರಲ್ಲಿ ಬಣ್ಣದ ಪುಡಿಗಳನ್ನು ಅರೆದು, ಅಳಿಲಿನ ಕೂದಲಿನ ಕುಂಚದಿಂದ ತೆಳುವಾಗಿ ಪದರ ಪದರವಾಗಿ ಹಚ್ಚುತ್ತಾನೆ. ಕಪ್ಪನ್ನು ಬರೆಯುವುದಿಲ್ಲ, ಬಿಡುತ್ತಾನೆ. ಇರುಳು ಮೊದಲೇ ಅಲ್ಲಿದೆ. ಅದರೊಳಗಿಂದ ಕುದುರೆಯನ್ನು ಹೊರಕ್ಕೆ ಕರೆಯುವುದಷ್ಟೇ ಅವನ ಕೆಲಸ. ಕೊನೆಗೆ ಬಂಗಾರ. ಚಿನ್ನದ ರೇಕನ್ನು ಅಂಟಿನೊಡನೆ ಬೆರಳಿನಿಂದಲೇ ತಿಕ್ಕಿ ತಿಕ್ಕಿ ಶಾಯಿಯಂತೆ ಮಾಡಿ ಬರೆಯುತ್ತಾರೆ. ಬರೆದಾಗ ಅದು ಮಂಕಾಗಿರುತ್ತದೆ. ತೋಳದ ಹಲ್ಲಿನಿಂದ ಉಜ್ಜಿದರೆ ಹೊಳಪು ಬರುತ್ತದೆ! ಇದರ ಮೇಲೆ ಪಾರದರ್ಶಕವಾದ ಮೆರುಗೆಣ್ಣೆಯ ಹಲವು ಪದರಗಳು, ಪ್ರತಿ ಪದರಕ್ಕೂ ಒಣಗಿಸುವಿಕೆ, ಕಡೆಯಲ್ಲಿ ಅಂಗೈಯಿಂದ ತಿಕ್ಕುವಿಕೆ.

ತೋಳದ ಹಲ್ಲಿನ ವಿಷಯವನ್ನು ತಾತನವರಿಗೆ ಹೇಳಿದಾಗ ಅವರು ನಕ್ಕರು. ಮೂವತ್ತು ವರ್ಷ ಬಂಗಾರದ ಗಣಿಯಲ್ಲಿ ದುಡಿದೂ ಕಣ್ಣಿಗೆ ಬಂಗಾರ ಬಿದ್ದದ್ದು ಅಪರೂಪವಂತೆ. ಅದು ಕಲ್ಲಿನೊಳಗೆ ಕಾಣದಂತೆ ಅಡಗಿರುತ್ತಿತ್ತು. “ನಮಗೆ ಕಂಡಿದ್ದೆಲ್ಲಾ ಕಲ್ಲು, ಧೂಳು, ಬೆವರು ಅಷ್ಟೇ ಕಣಮ್ಮಾ” ಎಂದರು.

ಇಷ್ಟನ್ನು ಓದಿಕೊಂಡು ಉಪನ್ಯಾಸಕರ ಬಳಿಗೆ ಹೋದೆ. ನಮ್ಮ ದೇಶದಲ್ಲಿ ಇಂಥದು ಇಲ್ಲವಲ್ಲಾ ಎಂದು ನಾನು ಮರುಗಿದ್ದೇ ತಡ, ಅವರಿಗೆ ಸ್ವಲ್ಪ ಕೋಪವೇ ಬಂತು. “ಮೈಸೂರಿನ ಗಂಜೀಫಾ ನೋಡಿದ್ದೀಯಾ?” ಎಂದು ಕೇಳಿದರು. ನಾನು ಕೇಳಿರಲೂ ಇಲ್ಲ. ಈ ಸಲದ ಕಾಲೇಜು ಪ್ರವಾಸದಲ್ಲಿ ಮೈಸೂರಿನಲ್ಲಿ ಗಾಜಿನ ಹಿಂದೆ ಅವನ್ನು ಕಂಡಾಗ, ಜೊತೆಯವರೆಲ್ಲ ಮೃಗಾಲಯಕ್ಕೆ ಹೊರಟರೂ ನನಗೆ ಅಲ್ಲಿಂದ ಕದಲಲು ಮನಸ್ಸಾಗಲಿಲ್ಲ.

ಗಂಜೀಫಾ ಎಂದರೆ ಆಟದ ಎಲೆ. ಇಸ್ಪೀಟು ನಮ್ಮ ದೇಶಕ್ಕೆ ಬಂದು ಬೇರೂರುವ ಮೊದಲು ಅರಮನೆಗಳಲ್ಲೂ ಅಗ್ರಹಾರಗಳಲ್ಲೂ ಆಡುತ್ತಿದ್ದುದು ಇದನ್ನೇ. ಹೆಸರು ಪಾರಸಿಯದು. ಬಾಬರನು ೧೫೨೭ರಲ್ಲಿ ತನ್ನ ಮಿತ್ರನೊಬ್ಬನಿಗೆ ಗಂಜೀಫಾ ಎಲೆಗಳನ್ನು ಕಳುಹಿಸಿಕೊಟ್ಟ ಸಂಗತಿಯನ್ನು ತನ್ನ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. ಅಕ್ಬರನ ಕಾಲದ ‘ಐನ್-ಇ-ಅಕ್ಬರಿ’ಯಲ್ಲಿ ೧೨ ಬಣಗಳ, ಒಟ್ಟು ೧೪೪ ಎಲೆಗಳ ಆಟದ ವಿವರಣೆಯಿದೆ. ಮೊಗಲರ ಸಾಮಾನ್ಯ ಆಟಕ್ಕೆ ೯೬ ಎಲೆ. ನಮ್ಮವರು ಅದನ್ನು ದಶಾವತಾರಕ್ಕೆ ಒಗ್ಗಿಸಿಕೊಂಡು ೧೨೦ ಎಲೆಗಳನ್ನು ಮಾಡಿದರು. ಒಂದೊಂದು ಅವತಾರಕ್ಕೆ ೧೨ ಎಲೆ: ಒಬ್ಬ ರಾಜ, ಒಬ್ಬ ಮಂತ್ರಿ, ಒಂದರಿಂದ ಹತ್ತರವರೆಗೆ ಅಂಕಿಯವು. ಮತ್ಸ್ಯದ ಐದೆಂದರೆ ಐದು ಮೀನುಗಳು, ಕೂರ್ಮದ ಮೂರೆಂದರೆ ಮೂರು ಆಮೆಗಳು. ಅಕ್ಷರ ಬಾರದವನೂ ಆಡಬಹುದು. ಹಗಲಿನಲ್ಲಿ ಆಡಿದರೆ ರಾಮನ ಎಲೆಯುಳ್ಳವನು ಆಟ ತೊಡಗಬೇಕು, ಇರುಳಿನಲ್ಲಿ ಕೃಷ್ಣನ ಎಲೆಯುಳ್ಳವನು. ಈ ನಿಯಮವನ್ನು ಯಾರು ಮಾಡಿದರೋ, ಅವರಿಗೆ ನನ್ನ ನಮಸ್ಕಾರ.

ಎಲೆಗಳು ಸಾಮಾನ್ಯವಾಗಿ ದುಂಡಗೆ ಇರುತ್ತವೆ, ಅಂಗೈಯಲ್ಲಿ ಅಡಗುತ್ತವೆ. ದಂತ, ಆಮೆಯ ಚಿಪ್ಪು, ಮರದ ತೆಳು ಬಿಲ್ಲೆಗಳ ಮೇಲೂ ಬರೆದದ್ದುಂಟು, ಆದರೆ ಜನಸಾಮಾನ್ಯರದು ಬಟ್ಟೆ ಅಥವಾ ಕಾಗದದ್ದು. ಪದರಗಳನ್ನು ಹುಣಸೆಬೀಜದ ಅಂಟಿನಿಂದ ಕೂಡಿಸಿ, ಸುಣ್ಣದ ಪುಡಿಯ ಲೇಪ ಕೊಟ್ಟು, ನುಣುಪು ಕಲ್ಲಿನಿಂದ ತಿಕ್ಕಿ, ದುಂಡಗೆ ಕತ್ತರಿಸಿ, ಚಿತ್ರ ಬರೆದು ಅರಗು ಲೇಪಿಸುತ್ತಾರೆ. ಬೆನ್ನು ಮಾತ್ರ ಎಲ್ಲ ಎಲೆಗಳಿಗೂ ಒಂದೇ ಬಣ್ಣ, ಇಲ್ಲದಿದ್ದರೆ ಎದುರಾಳಿಗೆ ಗುಟ್ಟು ತಿಳಿಯುತ್ತದಲ್ಲ! ಅರಗು ಕೇವಲ ಅಂದಕ್ಕಲ್ಲ. ಈ ಎಲೆಗಳನ್ನು ಇಸ್ಪೀಟಿನಂತೆ ಕೈಯಲ್ಲಿ ಕಲೆಸಲಾಗದು. ಬಟ್ಟೆಯ ಮೇಲೆ ಬೋರಲು ಹರಡಿ ಅಂಗೈಯಿಂದ ಸುತ್ತಿಸಿ ಬೆರೆಸಬೇಕು. ಬೆವರು, ಎಣ್ಣೆ, ಉಜ್ಜುವಿಕೆ ಇವನ್ನೆಲ್ಲ ತಡೆಯುವ ಕವಚವೇ ಅರಗು. ರಷ್ಯದ ಮೆರುಗು ಎಣ್ಣೆಯಿಂದಾದದ್ದು. ನಮ್ಮದು ಮರದ ಕೊಂಬೆಗಳ ಮೇಲೆ ಕೀಟಗಳು ಸುರಿಸುವ ಅಂಟಿನಿಂದಾದದ್ದು. ದುರ್ಯೋಧನನ ಅರಗಿನ ಮನೆಯ ಅರಗೂ ಇದೇ, ಚನ್ನಪಟ್ಟಣದ ಗೊಂಬೆಗಳಿಗೆ ತಿರುಗುವ ಮರದ ಮೇಲೆ ಒತ್ತಿ ಹಿಡಿಯುವ ಬಣ್ಣದ ಅರಗೂ ಇದೇ.

ಗಂಜೀಫಾ ಮೈಸೂರಿನಲ್ಲಿ ಬೆಳೆದ ಪರಿ ವಿಚಿತ್ರವಾದುದು. ಅದಕ್ಕೆ ಕಾರಣರು ಮುಮ್ಮಡಿ ಕೃಷ್ಣರಾಜ ಒಡೆಯರು. ೧೮೩೧ರಲ್ಲಿ ಇಂಗ್ಲಿಷರು ರಾಜ್ಯದ ಆಡಳಿತವನ್ನು ಅವರಿಂದ ಕಿತ್ತುಕೊಂಡರು. ೧೮೬೮ರಲ್ಲಿ ಅವರು ತೀರಿಕೊಳ್ಳುವವರೆಗೂ ಅದು ಹಿಂದಿರುಗಲಿಲ್ಲ. ರಾಜ್ಯವಿಲ್ಲದ ಅರಸರು ಸಂಗೀತ, ಸಾಹಿತ್ಯ, ಚಿತ್ರ, ಆಟಗಳ ಕಡೆಗೆ ತಿರುಗಿದರು. ಅವರ ಆಶ್ರಯದಲ್ಲಿ ಸಿದ್ಧವಾದ ‘ಶ್ರೀತತ್ತ್ವನಿಧಿ’ ಎಂಬ ಮಹಾಗ್ರಂಥದಲ್ಲಿ ಒಂಬತ್ತು ನಿಧಿಗಳಿವೆ. ಕೊನೆಯದಾದ ಕೌತುಕನಿಧಿಯಲ್ಲಿ ಈ ಆಟಗಳ ವಿವರಣೆಯಿದೆ. ಛದವೆಂದರೆ ಸಂಸ್ಕೃತದಲ್ಲಿ ಎಲೆ. ಮುಮ್ಮಡಿಯವರು ಹದಿಮೂರು ಬಗೆಯ ಛದದಾಟಗಳನ್ನು ಏರ್ಪಡಿಸಿದರು. ಅತಿ ಚಿಕ್ಕದಕ್ಕೆ ೩೬ ಎಲೆ, ಅತಿ ದೊಡ್ಡದಕ್ಕೆ ೩೬೦. ಚಾಮುಂಡೇಶ್ವರಿ ಛದವೊಂದಕ್ಕೇ ೩೨೦ ಎಲೆಗಳು! ದೇವತೆಗಳು, ಗ್ರಹಗಳು, ಋಷಿಗಳು, ವಾಹನಗಳು ಎಲ್ಲರೂ ಈ ಬಿಲ್ಲೆಗಳಲ್ಲಿ ಬಂದು ಕುಳಿತರು. ಆಳಲು ನಾಡಿಲ್ಲದ ದೊರೆ ಮೂರು ಅಂಗುಲದ ಎಲೆಗಳ ಮೇಲೆ ಇಡೀ ಬ್ರಹ್ಮಾಂಡವನ್ನೇ ಬಣ ಬಣವಾಗಿ ಹಂಚಿ ಆಳಿದರೇನೋ ಎಂದು ನನಗೆ ಆಗಾಗ ತೋರುತ್ತದೆ. ಉಪನ್ಯಾಸಕರು ಈ ವಾಕ್ಯವನ್ನು ಹೊಡೆದುಹಾಕೆಂದರು, ನಾನು ಉಳಿಸಿಕೊಂಡಿದ್ದೇನೆ.

ಇವನ್ನು ಬರೆದವರು ಮೈಸೂರಿನ ಚಿತ್ರಗಾರರು. ಹುಣಸೆಯ ಕಡ್ಡಿಗಳನ್ನು ಕಬ್ಬಿಣದ ಕೊಳವೆಯಲ್ಲಿಟ್ಟು ಸುಟ್ಟು ಇದ್ದಲು ಮಾಡಿಕೊಂಡು ಅದರಿಂದ ಮೊದಲ ರೇಖೆ ಹಾಕುವುದು ಅವರ ಪದ್ಧತಿ. ಕುಂಚಕ್ಕೆ ಅಳಿಲಿನ ಕೂದಲು. ಹಿಮದ ಪಾಲೇಖಿನಲ್ಲೂ ಬಿಸಿಲಿನ ಮೈಸೂರಿನಲ್ಲೂ ಚಿತ್ರಗಾರನಿಗೆ ಒದಗಿದ್ದು ಒಂದೇ ಪ್ರಾಣಿ ಎಂಬುದು ಸೋಜಿಗವಲ್ಲವೆ? ಅತಿ ಸೂಕ್ಷ್ಮವಾದ ಗೆರೆಗೆ ಒಂದು ಜಾತಿಯ ಹುಲ್ಲಿನ ಮೊನೆಯನ್ನೂ ಬಳಸುತ್ತಿದ್ದರು. ಪಟಗಳಲ್ಲಿ ಆಭರಣಗಳನ್ನು ತೋರಿಸಲು ಸಫೇದ, ರೇವಲಚಿನ್ನಿ, ಅಂಟು ಕೂಡಿಸಿದ ಲೇಪವನ್ನು ಉಬ್ಬುವಂತೆ ಇಟ್ಟು, ಮೇಲೆ ಚಿನ್ನದ ರೇಕು ಕೂಡಿಸುತ್ತಿದ್ದರು.

ಆಮೇಲಿನ ಕಥೆ ಊಹಿಸತಕ್ಕದ್ದೇ. ಅಚ್ಚಾದ ಇಸ್ಪೀಟು ಎಲೆಗಳು ಅಗ್ಗವಾಗಿ ಬಂದುವು. ಒಂದು ಕಟ್ಟು ಗಂಜೀಫಾ ಬರೆಯಲು ಬೇಕಾದ ಕಾಲದಲ್ಲಿ ಯಂತ್ರವು ಸಾವಿರಾರು ಕಟ್ಟುಗಳನ್ನು ಉದುರಿಸುತ್ತದೆ. ಆಡುವವರು ಇಲ್ಲವಾದರು, ಬರೆಯುವವರೂ ಇಲ್ಲವಾದರು. ನಮ್ಮ ಗಡಿಗೆ ಹತ್ತಿರದ ಸಾವಂತವಾಡಿಯಲ್ಲಿ ೧೯೭೦ರ ದಶಕದ ಆರಂಭದ ಹೊತ್ತಿಗೆ ಕಸುಬು ಬಲ್ಲವರು ಬಹುಮಟ್ಟಿಗೆ ಮರೆಯಾಗಿದ್ದರು. ಉಳಿದಿದ್ದ ಮುದುಕರೊಬ್ಬರಿಂದ ಅಲ್ಲಿನ ರಾಜದಂಪತಿಗಳು ತಾವೇ ಕೆಲಸ ಕಲಿತು ಇತರರಿಗೂ ಕಲಿಸಿದರು. ರುಡಾಲ್ಫ್ ಫಾನ್ ಲೇಡೆನ್ ಎಂಬವರು ಮುಂಬಯಿಯಲ್ಲಿದ್ದುಕೊಂಡು ದೇಶದ ಮೂಲೆಮೂಲೆಗಳಿಂದ ಹಳೆಯ ಎಲೆಗಳನ್ನು ಕೂಡಿಹಾಕಿ ೧೯೮೨ರಲ್ಲಿ ಅವುಗಳ ಬಗ್ಗೆ ದೊಡ್ಡ ಗ್ರಂಥವನ್ನು ಹೊರತಂದರು. ನಮ್ಮಲ್ಲಿ ಈ ಕಲೆಗೆ ಮರುಜೀವ ಕೊಟ್ಟವರಲ್ಲಿ ಮುಖ್ಯರು ಉಡುಪಿ ಕಡೆಯಿಂದ ಬಂದು ಶ್ರೀರಂಗಪಟ್ಟಣದಲ್ಲಿ ನೆಲಸಿದ ರಘುಪತಿ ಭಟ್ಟರು. ಹಳೆಯ ಎಲೆಗಳನ್ನು ಅಭ್ಯಾಸ ಮಾಡಿ, ಬಣ್ಣ ಅರೆಯುವುದರಿಂದ ಹಿಡಿದು ಎಲ್ಲವನ್ನೂ ಕೈಯಾರೆ ಮಾಡಿ, ‘ಗಂಜೀಫಾ’ ಎಂಬ ಮಾತು ಅವರ ಹೆಸರಿಗೇ ಅಂಟಿಕೊಳ್ಳುವಷ್ಟು ಅದರಲ್ಲಿ ಮುಳುಗಿದವರು. ಮೈಸೂರಿನ ಗಂಜೀಫಾಕ್ಕೆ ಈಗ ಭೌಗೋಳಿಕ ಗುರುತಿನ ಮನ್ನಣೆಯೂ ದೊರೆತಿದೆ. ಪಾಲೇಖಿನಲ್ಲಿಯೂ ಚಕ್ರ ಮತ್ತೊಂದು ಸುತ್ತು ಬಂದಿದೆ. ೧೯೯೧ರಲ್ಲಿ ಸೋವಿಯತ್ ಒಕ್ಕೂಟ ಒಡೆದ ಮೇಲೆ ಅಲ್ಲಿನ ಅನೇಕರು ಡಬ್ಬಿಗಳ ಜೊತೆಗೆ ಮುತ್ತಾತಂದಿರ ದೇವರ ಪಟಗಳಿಗೂ ಹಿಂದಿರುಗಿದ್ದಾರೆ.

ಓದಿದ್ದು ಸಾಲದೆಂದು ನಾನೊಂದು ಎಲೆ ಮಾಡಲು ಹೊರಟೆ. ಅಮ್ಮನ ಹಳೆಯ ಹತ್ತಿ ಸೀರೆಯ ತುಂಡು ಸಿಕ್ಕಿತು. ಹುಣಸೆಬೀಜವನ್ನು ಹುರಿದು, ಸಿಪ್ಪೆ ತೆಗೆದು, ನೆನೆಸಿ, ರುಬ್ಬಿ, ಅಂಟು ಕಾಯಿಸುವುದನ್ನು ಅಮ್ಮನೇ ತೋರಿಸಿಕೊಟ್ಟರು. ನಾಲ್ಕು ಪದರ ಅಂಟಿಸಿದೆ. ಲೇಪಕ್ಕೆ ಸೀಮೆಸುಣ್ಣದ ತುಂಡುಗಳನ್ನು ಪುಡಿ ಮಾಡಿದೆ. ಅವು ಎಲ್ಲಿಂದ ಬಂದುವೆಂದು ನಮ್ಮ ತರಗತಿಯವರು ಬಾಯಿ ಬಿಡದಿರಲಿ. ಅಳಿಲನ್ನು ಹಿಡಿಯುವ ಗೋಜಿಗೆ ಹೋಗದೆ ರಾಬರ್ಟ್‌ಸನ್‌ಪೇಟೆಯ ಅಂಗಡಿಯಲ್ಲಿ ಅತಿ ಸಣ್ಣ ಕುಂಚ ಕೊಂಡೆ. ಮೊದಲನೆಯ ಎಲೆ ಒಣಗುವಾಗ ಹಪ್ಪಳದಂತೆ ಸುರುಟಿತು. ಎರಡನೆಯದರ ಲೇಪ ಬಿರುಕು ಬಿಟ್ಟಿತು. ಮೂರನೆಯದನ್ನು ರುಬ್ಬುಗುಂಡಿನ ಅಡಿಯಲ್ಲಿ ಒಂದು ವಾರ ಒತ್ತಿಟ್ಟೆ. ಅದು ನೆಟ್ಟಗೆ ನಿಂತಿತು. ಅದರ ಮೇಲೆ ಒಂದೇ ಒಂದು ಮೀನು ಬರೆಯಲು ನನಗೆ ಮೂರು ಸಂಜೆ ಹಿಡಿಯಿತು. ೧೨೦ ಎಲೆಗಳಿಗೆ ಎಷ್ಟು ಸಂಜೆಗಳಾದಾವೆಂದು ಲೆಕ್ಕ ಹಾಕಿದಾಗ, ಆ ಚಿತ್ರಗಾರರ ಬಗ್ಗೆ ಇದ್ದ ಗೌರವದ ಜೊತೆಗೆ ಒಂದು ಬಗೆಯ ಭಯವೂ ಸೇರಿತು.

ಅಪ್ಪ ದಿನವೂ ಬೆಳಗಿನ ಝಾವದ ರೈಲಿಗೆ ಬಂಗಾರಪೇಟೆಯ ಮೇಲೆ ಬೆಂಗಳೂರಿಗೆ ಹೋಗಿ, ರಾತ್ರಿ ಊಟದ ಹೊತ್ತಿಗೆ ಹಿಂದಿರುಗುವವರು. ಎಲೆಯನ್ನು ದೀಪದ ಕೆಳಗೆ ಹಿಡಿದು ನೋಡಿ, “ಚೆನ್ನಾಗಿದೆ. ಇದಕ್ಕೆ ಎಷ್ಟು ಸಿಗುತ್ತೆ?” ಎಂದು ಕೇಳಿದರು. ನನಗೆ ಅಳು ಬಂದಂತಾಯಿತು. ಆದರೆ ಯೋಚಿಸಿದರೆ ಅವರ ಪ್ರಶ್ನೆ ತಪ್ಪೆನ್ನಲಾಗದು. ೧೯೧೭ರ ಬಳಿಕ ಗೋಲಿಕೋವನ ಮನೆಯಲ್ಲೂ ಇದೇ ಪ್ರಶ್ನೆ ಎದ್ದಿರಬೇಕು. ನಮ್ಮ ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದವಳು ನಾನೊಬ್ಬಳೇ. ಬ್ಯಾಂಕಿನ ಪರೀಕ್ಷೆಗೆ ಅರ್ಜಿ ಹಾಕಿದ್ದೇನೆ, ಓದುತ್ತಲೂ ಇದ್ದೇನೆ. ಮೀನು ಬರೆದ ಮೂರು ಸಂಜೆಗಳನ್ನು ಆ ಓದಿನಿಂದಲೇ ಕದ್ದದ್ದು. ಕಲೆಯನ್ನು ಉಳಿಸಬೇಕೆಂದು ಭಾಷಣ ಮಾಡುವವರು ಬಹಳ. ಕೊಳ್ಳುವವರು ಯಾರು, ಬರೆಯುವವನ ಮನೆಯ ಒಲೆ ಹೇಗೆ ಉರಿಯಬೇಕು ಎಂಬುದನ್ನು ಹೇಳುವವರು ಕಡಮೆ. ಪಾಲೇಖಿನ ಏಳು ಮಂದಿ ಚಿತ್ರ ಬರೆದು ಸುಮ್ಮನಾಗದೆ ಸಂಘವನ್ನೂ ಕಟ್ಟಿದರೆಂಬುದನ್ನು ನಾನು ಮರೆತಿಲ್ಲ. ನಮ್ಮ ತಾಲ್ಲೂಕಿನಲ್ಲಿ ಕೈಕೆಲಸ ಬಲ್ಲ ಏಳು ಮಂದಿ ಸಿಕ್ಕುವುದೇನೂ ಕಷ್ಟವಲ್ಲ.

ಮರುದಿನ ಮಧ್ಯಾಹ್ನ ತಾತನವರು ಜಗಲಿಯಲ್ಲಿ ಕುಳಿತು ಎಲೆಯನ್ನು ತರಿಸಿಕೊಂಡರು. ಅವರಿಗೀಗ ಕಣ್ಣು ಮಂಜು. ಮೀನನ್ನು ನೋಡುವ ಗೋಜಿಗೇ ಹೋಗಲಿಲ್ಲ. ಎಲೆಯನ್ನು ಕಿವಿಯ ಹತ್ತಿರ ಹಿಡಿದು ತೋರುಬೆರಳ ಉಗುರಿನಿಂದ ಅಂಚಿನ ಉದ್ದಕ್ಕೂ ತಟ್ಟುತ್ತ ಬಂದರು. ಗಣಿಯಲ್ಲಿ ಆಸರೆ ಕೊಡುವುದಕ್ಕೆ ಮುಂಚೆ ತಲೆಯ ಮೇಲಿನ ಬಂಡೆಯನ್ನು ಸಲಾಕೆಯಿಂದ ತಟ್ಟಿ, ಗಟ್ಟಿಯೋ ಪೊಳ್ಳೋ ಎಂದು ಸದ್ದಿನಿಂದಲೇ ತಿಳಿಯುತ್ತಿದ್ದರಂತೆ. ಒಂದು ಕಡೆ ಬೆರಳು ನಿಂತಿತು. ಮತ್ತೆ ತಟ್ಟಿದರು.

“ಇಲ್ಲಿ ಪೊಳ್ಳೈತೆ ಕಣಮ್ಮಾ. ಪದರ ಹಿಡಿದಿಲ್ಲ. ಇವತ್ತಲ್ಲ ನಾಳೆ ಬಿಡ್ತದೆ.”

ನಾನು ಉಗುರಿನಿಂದ ಅಂಚನ್ನು ಎಬ್ಬಿಸಿ ನೋಡಿದೆ. ಹೆಸರುಕಾಳಿನಷ್ಟಗಲ ಅಂಟೇ ತಗಲಿರಲಿಲ್ಲ. ಅಂದು ಸಂಜೆ ಇನ್ನೊಂದು ಹಿಡಿ ಹುಣಸೆಬೀಜವನ್ನು ಹುರಿಯಲು ಇಟ್ಟೆ.